ಗಂಜಿ ಹೋಗುವ ದಾರಿ

ಬೆಳಗಿನ ಜಾವ ಮೂರೂವರೆ. ಮಲ್ಪೆಯ ಕಡೆಯಿಂದ
ಬೋಟಿನ ಇಂಜಿನ್ನು ಕೆಮ್ಮಿ ನಿಂತ ಸದ್ದು.
ಅಮ್ಮ ಕುಕ್ಕರಗಾಲಲ್ಲಿ ಕೂತು ಉಣ್ಣುತ್ತಾಳೆ:
ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ, ಒಂದು ಹಸಿಮೆಣಸು.
ನನ್ನೆದುರು ಪಿಯುಸಿ ಬಯಾಲಜಿ.
ಐದು ಅಂಕದ ಪ್ರಶ್ನೆ, ಖಂಡಿತ ಬರುತ್ತದಂತೆ.

"ಎಂತ ಓದುವುದು ಅಷ್ಟು ಜೋರಾಗಿ?"
"ನೀನು ಉಂಡದ್ದು ಎಲ್ಲಿ ಹೋಗುತ್ತದೆ ಅಂತ."
"ಅದಕ್ಕೂ ಪುಸ್ತಕವಾ!" ಮೆಣಸು ಕಚ್ಚಿ ನಕ್ಕಳು.

ಹೇಳಿದೆ. ಅನ್ನ ಕರಗಿ ಸಕ್ಕರೆ, ಸಕ್ಕರೆ ನೆತ್ತರಿಗೆ,
ನೆತ್ತರಿಂದ ಜೀವಕೋಶಕ್ಕೆ. ಅಲ್ಲಿ ಎರಡು ಹೋಳಾಗಿ
ಒಳಕೋಣೆಗೆ ಹೋಗುತ್ತದೆ, ಉರಿಯುತ್ತದೆ, ಬೆಂಕಿಯಿಲ್ಲದೆ.
ನಮ್ಮ ಒಲೆಯ ಹಾಗೆ ಒಮ್ಮೆಗೇ ಭಗ್ಗೆಂದಿದ್ದರೆ
ನೀನು ಇಷ್ಟೊತ್ತಿಗೆ ಬೂದಿ.
ಹಾಗಾಗಿ ಮೆಲ್ಲ ಇಳಿಸುತ್ತದೆ,
ಬೋಟಿನಿಂದ ದಕ್ಕೆಗೆ ಬುಟ್ಟಿ ದಾಟಿಸುವ ಹಾಗೆ,
ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ.
ದಾಟಿದ್ದಕ್ಕೆ ಕೂಲಿ, ಚಿಲ್ಲರೆಯಲ್ಲಿ.
ಆ ಚಿಲ್ಲರೆಯ ಹೆಸರು ಎಟಿಪಿ.
ಕೂಡಿಡಲು ಬರುವುದಿಲ್ಲ, ಆಗಿನದ್ದು ಆಗಲೇ ಖರ್ಚು.

"ನಮ್ಮ ಹಾಗೇ," ಅಂದಳು. ಮತ್ತೆ,
"ಕೊನೆಯಲ್ಲಿ ಬುಟ್ಟಿ ಹಿಡಿಯಲು ಒಬ್ಬರು ಬೇಡವಾ?"

ಪುಟ ತಿರುಗಿಸಿದೆ. ಬೇಕು. ಅದಕ್ಕೇ ಉಸಿರು.
ಎಳೆದುಕೊಂಡ ಆಮ್ಲಜನಕ ಸಾಲಿನ ಕೊನೆಗೆ ನಿಂತಿರುತ್ತದೆ, ಕೈಚಾಚಿ;
ಹಿಡಿದದ್ದೇ ನೀರಾಗುತ್ತದೆ.
ಅದು ಬಾರದಿದ್ದರೆ ಇಡೀ ಸಾಲು ನಿಂತಲ್ಲೇ,
ಬುಟ್ಟಿ ಕೈಯಲ್ಲೇ.

ಅಮ್ಮ ಉಣ್ಣುವುದು ನಿಲ್ಲಿಸಿದಳು.
"ಸದಿಯಣ್ಣನಿಗೆ ಆದದ್ದೂ ಅದೇ ಅಲ್ಲವಾ, ಬಲೆಯ ಕೆಳಗೆ."
ಪುಸ್ತಕದಲ್ಲಿ ಆ ಮಾತಿಲ್ಲ.
ಹೌದು ಅಂದೆ.

ಬೇರೆ ಏನಾದರೂ ಹೇಳಬೇಕಿತ್ತು. ಓದಿದೆ:
ಆ ಒಳಕೋಣೆಗೆ ಮೈಟೋಕಾಂಡ್ರಿಯ ಎಂದು ಹೆಸರು;
ತಾಯಿಯಿಂದಷ್ಟೇ ಬರುತ್ತದೆ,
ತಂದೆಯದ್ದು ಒಳಬಂದರೂ ಉಳಿಯುವುದಿಲ್ಲ.
"ಅಳಿಯಕಟ್ಟು!" ಅಮ್ಮ ಎದ್ದೇಬಿಟ್ಟಳು,
ನಮ್ಮ ಸಾಲ್ಯಾನ್ ಬರಿಯನ್ನು ಕೋರ್ಟು ಕೊನೆಗೂ ಒಪ್ಪಿದ ಹಾಗೆ.

ಅಜ್ಜಿಯದ್ದು ಇವಳಿಗೂ ಬಂತು, ಸದಿಯಮಾವನಿಗೂ.
ಅವನದ್ದು ಅವನಲ್ಲೇ ನಿಂತಿತು. ಇವಳದ್ದು
ಈಗ ನನ್ನ ಬೆರಳಲ್ಲಿ, ಪುಟದ ಮೂಲೆ ಮಡಚುತ್ತಿದೆ.

ಸಿಂಬೆ ಕಂಕುಳಲ್ಲಿಟ್ಟು ಹೊರಟೇ ಹೋದಳು.
ಒಂದು ಹೇಳಲಾಗಲಿಲ್ಲ: ಉಂಡ ಅಕ್ಕಿಯ ಇಂಗಾಲ
ಹೊರಗೆ ಹೋಗುವುದು ಮೂಗಿನಿಂದ.
ಐಸ್ ಪ್ಲಾಂಟಿನ ಏರಿನಲ್ಲಿ ಬುಟ್ಟಿ ಹೊತ್ತು
ಅವಳು ಏದುಸಿರು ಬಿಡುವಾಗ
ಈ ಗಂಜಿಯೇ ಅಗುಳಗುಳಾಗಿ ಗಾಳಿಗೆ ಸೇರುತ್ತದೆ,
ಯಾರಿಗೂ ಕಾಣದೆ.

ಬಟ್ಟಲು ತೊಳೆಯಲು ಎತ್ತಿಕೊಂಡೆ.
ಅಂಚಿಗೆ ಒಂದು ಅಗುಳು ಅಂಟಿತ್ತು.
ಬಾಯಿಗೆ ಹಾಕಿಕೊಂಡೆ.