ಮಳೆ ಪುಸ್ತಕದ ಎಡಬದಿ

ಕುಶಾಲನಗರದಿಂದ ಬಂದ ರಝಾಕ್
ಏಣಿ ಇಳಿದು, ಕೈಯ ಪಾಚಿ ಪ್ಯಾಂಟಿಗೆ ಒರೆಸಿ
ಅಂದಾಜು ಪಟ್ಟಿ ಬಿಡಿಸಿದ.
ಮೂರು ಕಿಲೋವ್ಯಾಟ್, ಒಂದು ಲಕ್ಷ ತೊಂಬತ್ತೈದು.
ಸಹಾಯಧನ ಎಪ್ಪತ್ತೆಂಟು ಸಾವಿರ ಕಳೆಯಿರಿ ಅಕ್ಕಾ,
ಮೊದಲು ನೀವು ಕಟ್ಟಿ, ಅದು ಆಮೇಲೆ ಖಾತೆಗೆ ಬರುತ್ತೆ.
ಐದು ವರ್ಷಕ್ಕೆ ಅಸಲು ಕೈಗೆ,
ಅಲ್ಲಿಂದ ಮುಂದೆ ಬಿಸಿಲು ಪುಕ್ಕಟೆ.

ಪುಕ್ಕಟೆ ಅಂದದ್ದೇ ತಡ
ಮುದ್ದಯ್ಯ ಮಾವ ಕನ್ನಡಕ ಹುಡುಕಿದರು.
ನಾಪೋಕ್ಲು ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ
ನಾಲ್ಕಾಣೆ ಆಚೀಚೆ ಆಗಗೊಡದ ಜೀವ.
"ಈ ಐದು ವರ್ಷ ಯಾವ ಊರಿನದಪ್ಪಾ?"

"ನಮ್ಮೂರಿನದು" ಎಂದು ನಕ್ಕ ಹುಡುಗ.
ಒಂದೇ ಜಿಲ್ಲೆ.
ಅಲ್ಲಿ ಕೊಡೆ ಒಣಗುವ ಹೊತ್ತಿಗೆ
ಇಲ್ಲಿ ಗೋಡೆಗೇ ಬೆವರು.

ಮಾವ ಮಳೆ ಪುಸ್ತಕ ತಂದರು.
ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದ ಇಂಚು, ಸೆಂಟು.
ಜುಲೈ ಪುಟಗಳು ತೇವಕ್ಕೆ ಉಬ್ಬಿದ್ದವು,
ಕಕ್ಕಡ ಹದಿನೆಂಟರ ಅಂಚಿಗೆ
ಮದ್ದುಸೊಪ್ಪಿನ ಪಾಯಸದ ನೇರಳೆ ಬೆರಳು.
"ಇಗೋ, ಇಪ್ಪತ್ತೆರಡು ದಿನ ಸೂರ್ಯ ರಜೆ.
ನಿನ್ನ ಪಟ್ಟಿಯಲ್ಲಿ ಇವು ಎಲ್ಲಿ?"

ತೆಂಕಣ ಮಾಡಿಗೆ ಸಿಲ್ವರ್ ಓಕಿನ ನೆರಳು ಬೇರೆ.
ಕಡಿಸಿಬಿಡಿ ಎಂದ.
ಮರ ತಬ್ಬಿದ ಮೆಣಸಿನ ಬಳ್ಳಿಯಲ್ಲಿ
ಎಂಟು ಕೆ.ಜಿ. ಒಣಮೆಣಸು ಎಂದೆ ನಾನು.
ಕಡೆಗೆ, ವರ್ಷಾ ಮಾಡುವ ಮರಗಸಿಯನ್ನೇ
ಈ ಸಲ ಎರಡು ಕೊಂಬೆ ಹೆಚ್ಚು ಮಾಡುವುದೆಂದಾಯಿತು.

ಇನ್ನೂರು ಯೂನಿಟ್ಟಿನ ಉಚಿತದ ಗೆರೆಯನ್ನು
ತಿಂಗಳಾ ದಾಟಿಸುವುದು ನನ್ನ ಕೇಕಿನ ಓವನ್.
ರಾತ್ರಿ ಅದರ ಮುಂದೆಯೇ ಕೂತು
ಮಾವನ ಇಂಚುಗಳನ್ನು ಯೂನಿಟ್ಟಿಗೆ ಇಳಿಸಿದೆ.
ಐದು ಏಳಾಯಿತು.
ಫೋನಿನಲ್ಲಿ ರಝಾಕ್ ಸ್ವಲ್ಪ ಹೊತ್ತು ಸುಮ್ಮನಿದ್ದು,
"ಏಳು ಅಂತಲೇ ಬರೆದುಕೊಳ್ಳಿ" ಎಂದ.
ಆ ಮಾತಿಗೆ ಮುಂಗಡ ಕೊಟ್ಟೆವು.

ಈಗ ಬಲಬದಿಗೆ ಮಳೆ, ಎಡಬದಿಗೆ ಬಿಸಿಲು.
ಮಾರ್ಚ್: ಹೂಮಳೆ ಒಂದು ಇಂಚು ಹತ್ತು ಸೆಂಟು,
ಮರುದಿನ ತೋಟವೆಲ್ಲ ಬಿಳಿ ಘಮ, ಹದಿಮೂರು ಯೂನಿಟ್.
ನಿನ್ನೆ ಆರು ಇಂಚು ಮಳೆ.
ಎಡಕ್ಕೆ ಸೊನ್ನೆ ಬರೆಯಲು ಮನಸ್ಸಾಗದೆ
ಮಾವ ಹಳೆಯ ಅಂಚೆ ಅಕ್ಷರದಲ್ಲಿ
"ಬಟವಾಡೆ ಬಾಕಿ" ಎಂದು ಬರೆದಿದ್ದಾರೆ.

ಓವನ್ ಹಚ್ಚಿದ್ದೇನೆ.
ನಾಳೆ ಯಾರದೋ ಮಗುವಿನ ಹುಟ್ಟುಹಬ್ಬ.