ಮುಚ್ಚಳಿಕೆ

ಮಡಿಕೇರಿಯ ಕೋಟೆಯೊಳಗೆ ಕೋರ್ಟು ಇದ್ದ ಕಾಲ.
ನಾನು ಶೀಘ್ರಲಿಪಿಗಾರ್ತಿ:
ಸಾಹೇಬರ ಬಾಯಿಗೂ ಕಾಗದಕ್ಕೂ ನಡುವಿನ ಹತ್ತು ಬೆರಳು.
ಬೆರಳಿಗೆ ಅಭಿಪ್ರಾಯ ಇರಬಾರದು.

ಅಚ್ಚಯ್ಯ ಕಟಕಟೆಯಲ್ಲಿ ನಿಲ್ಲುತ್ತಿದ್ದ
ಒಂದೇ ಕಾಲಿಗೆ ಭಾರ ಹಾಕಿ,
ಬಸ್ಸು ಕಾಯುವವರ ಹಾಗೆ.
ಕೇಳಿದರೆ ತಡವರಿಸದೆ ಹೇಳುತ್ತಿದ್ದ:
‘ಅಂವ ಭಾವ ಅಲ್ಲ.
ಭಾವನ ಅಂಗಿ ಹಾಕಿಕೊಂಡು ಬಂದಂವ.
ಭಾವನನ್ನು ಎಲ್ಲೋ ಅಡಗಿಸಿಟ್ಟು ಬಂದಂವ.’
‘ಅಂವ’ ಎಂಬುದನ್ನು ‘ಅವನು’ ಮಾಡಿದೆ,
ನನ್ನಿಂದಾದ ತಿದ್ದುಪಡಿ ಅಷ್ಟೇ.

ಭಾಗಮಂಡಲದಿಂದಾಚೆ, ಏಲಕ್ಕಿ ಒಣಗಿಸುವ ಗೂಡಿನ ಬಾಗಿಲು,
ಸಂಜೆ ಆರೂವರೆ.
ಮೋಣಪ್ಪ ಭಾವಮೈದುನನಿಗೆ ಚಹಾ ತಂದಿದ್ದ.
ಕತ್ತಿ, ಮುದ್ದೆಮಾಲು ಒಂದು.
ಲೋಟ, ಎರಡು.
ನೀಲಿ ಗೀಟಿನ ಅಂಗಿ, ಮೂರು.

ಬೊಳ್ಳಮ್ಮ ಮೊದಲನೇ ಸಾಕ್ಷಿ.
ಸತ್ತವನ ಹೆಂಡತಿ, ನಿಂತವನ ಅಕ್ಕ.
ವಕೀಲರಿಬ್ಬರೂ ‘ನಿಮ್ಮವರು’ ಎಂದೇ ಶುರು ಮಾಡುತ್ತಿದ್ದರು;
ಯಾರು ಎಂದು ಆಕೆ ಪ್ರತಿಸಲ ಕೇಳಬೇಕಾಯಿತು.

ಡಾಕ್ಟರ ಸಾಕ್ಷಿ ಎರಡು ದಿನ.
ಸರ್ಕಾರಿ ವಕೀಲರದು ಒಂದೇ ಪ್ರಶ್ನೆ, ಹನ್ನೊಂದು ಥರ:
ಕತ್ತಿ ತೊಳೆದಿಟ್ಟವನಿಗೆ ತಪ್ಪೆಂದು ತಿಳಿಯದೆ ಇರುತ್ತದೆಯೇ?
‘ಹಾವು ಹೊಡೆದವರೂ ದೊಣ್ಣೆ ತೊಳೆಯುತ್ತಾರೆ.’
ಸಾಹೇಬರೆಂದರು, ಅದನ್ನು ಬರೆದುಕೊಳ್ಳಬೇಡಿ.
ಸ್ವಲ್ಪ ಹೊತ್ತು ಬಿಟ್ಟು,
ಬರೆದುಕೊಳ್ಳಿ.

ತೀರ್ಪಿನ ದಿನ ಕರೆಂಟಿರಲಿಲ್ಲ.
ಕೊನೆಯ ಪುಟದಲ್ಲಿ ಎರಡು ವಾಕ್ಯ, ಬೆನ್ನಿಗೆ ಬೆನ್ನು ಹಚ್ಚಿ:
ಆರೋಪಿಯೇ ಮೋಣಪ್ಪನವರನ್ನು ಕೊಂದದ್ದು ರುಜುವಾತಾಗಿದೆ.
ಆರೋಪಿಯು ಅಪರಾಧಿಯಲ್ಲ.
ಕಾನೂನಿಗೆ ಹಾಗೇ ಬೇಕು,
ದೋಷವಿಲ್ಲ ಎನ್ನುವ ಮೊದಲು
ಮಾಡಿದ್ದು ಇವನೇ ಎಂದು ಬರೆದಿಡಬೇಕು.
ನಾನು ಅಭ್ಯಾಸಬಲದಿಂದ ‘ಬಿಡುಗಡೆ’ ಎಂದು ಹೊಡೆದಿದ್ದೆ.
ಕೆಂಪು ಶಾಯಿಯಲ್ಲಿ ಅದನ್ನು ಕಾಟು ಹಾಕಿ ಮೇಲೆ ಬರೆದರು:
ಸುರಕ್ಷಿತ ಅಭಿರಕ್ಷೆಗೆ.
ಎಷ್ಟು ಕಾಲ, ಎಂಬುದಕ್ಕೆ ಜಾಗ ಬಿಟ್ಟಿರಲಿಲ್ಲ.
ಪಕ್ಕದ ಕೇಸಿನವನಿಗೆ ಜೀವಾವಧಿ. ಅವನು ಬೆರಳು ಮಡಚಿ
ಲೆಕ್ಕ ಹಾಕುತ್ತ ವ್ಯಾನು ಹತ್ತಿದ.
ಅಚ್ಚಯ್ಯ ವ್ಯಾನಿನ ಡ್ರೈವರನ ಮುಖವನ್ನೇ ನೋಡುತ್ತಿದ್ದ,
ನಿಜವಾದ ಡ್ರೈವರನೋ ಏನೋ ಎಂದು.

ಆರು ವರ್ಷ. ಎರಡು ಸಲ ಕಡತ ಕಳೆದು, ಎರಡು ಸಲ ಸಿಕ್ಕಿ,
ಧಾರವಾಡದ ಆಸ್ಪತ್ರೆಯಿಂದ ಕಾಗದ:
ಗುಣಮುಖ. ತನಗಾಗಲಿ ಪರರಿಗಾಗಲಿ ಅಪಾಯವಿಲ್ಲ.
ಸರ್ಕಾರದ ಒಪ್ಪಿಗೆಯೂ ಲಗತ್ತು.
ಬಂಧುಗಳು ಮುಚ್ಚಳಿಕೆ ಬರೆದುಕೊಟ್ಟಲ್ಲಿ ಕರೆದೊಯ್ಯಬಹುದು.
ಬೇರೆ ಬಂಧುಗಳು ಉತ್ತರ ಕೊಡಲಿಲ್ಲ.

ಬೊಳ್ಳಮ್ಮ ಬಂದಳು, ನನ್ನ ಮೇಜಿನ ಪಕ್ಕದ ಸ್ಟೂಲಿನಲ್ಲಿ ಕೂತಳು.
‘ಗುಣ ಆಯ್ತು ಅಂದರೆ,
ಮಾಡಿದ್ದು ಎಂತ ಅಂತ ಅವನಿಗೆ ಈಗ ಗೊತ್ತುಂಟಾ?’
ಗೊತ್ತಿರಬೇಕು, ಅಂದೆ.
ಮದ್ದು ಕೆಲಸ ಮಾಡಿದೆಯೆಂದರೆ ಅದೇ ಅಲ್ಲವೆ.
ಆಕೆ ಸೆರಗಿನ ತುದಿಯನ್ನು ಮಡಚಿ, ಬಿಚ್ಚಿ, ಮಡಚಿ,
‘ಹಂಗಾರೆ ಇನ್ನು ನಾವಿಬ್ಬರು.’

ನಮೂನೆಯಲ್ಲಿ ಒಂದು ಕಾಲಂ: ಸಂಬಂಧ.
‘ಅಕ್ಕ’ ಎಂದು ಬರೆದಳು.
ಇನ್ನೂ ನಾಲ್ಕು ಅಕ್ಷರಕ್ಕೆ ಜಾಗವಿತ್ತು.
ಪೆನ್ನು ಅಲ್ಲೇ ನಿಂತಿತು; ನೋಡಿದಳು;
ಕೆಳಗೆ ರುಜುವಿಗೆ ಇಳಿದಳು.

ಕಾಗದದ ಅಡಿಯಲ್ಲಿ ಸಣ್ಣ ಅಕ್ಷರ:
ರೋಗಿಗೆ ಒಂದು ಜೊತೆ ಬಟ್ಟೆ ತರತಕ್ಕದ್ದು.
‘ಮಾತ್ರೆಗೆ ಮೈ ಬಂದಿದೆಯಂತೆ.
ಅವನ ಹಳೇದು ಯಾವುದೂ ಹಿಡಿಯೂದಿಲ್ಲ.
ಮನೆಯಲ್ಲಿ ಇರೂದೆಲ್ಲ ಇವರದ್ದೇ.’
ಕೈಚೀಲದ ಬಾಯಿ ಅಗಲಿಸಿ ತೋರಿಸಿದಳು,
ಬಿಳೀ ಅಂಗಿ, ಇಸ್ತ್ರಿಯ ಮಡಿಕೆ ಇನ್ನೂ ಚೂಪು.

‘ಗೀಟಿಲ್ಲದ್ದು ಹುಡುಕಿ ತಂದೆ.
ಇದಾದರೆ ಆಗ್ತದಾ?’