ನಡಾವಳಿ

ಹಾಜರಿದ್ದವರು ಮೂವತ್ನಾಲ್ಕು, ಹೆಬ್ಬೆಟ್ಟು ಹನ್ನೊಂದು.
ಗ್ರಾಮ ಅರಣ್ಯ ಸಮಿತಿ, ಕಾನುಮಕ್ಕಿ, ಹೊಸನಗರ ತಾಲ್ಲೂಕು.
ಹೀಗೇ ಶುರುಮಾಡಬೇಕು, ಫಾರೆಸ್ಟರು ಹೇಳಿಕೊಟ್ಟಿದ್ದಾರೆ:
ಹಾಳೆ ಹರಿಯಬಾರದು, ಕಾಟು ಹೊಡೆಯಬಾರದು.
ಬರೆಯುವವಳು ನಾನು. ಒಂಬತ್ತನೇ ಕ್ಲಾಸಿನ ಅಕ್ಷರ.

ವಿಷಯ ಒಂದು: ಉಪ್ಪಾಗೆ.
ಹೋದ ವರ್ಷ ಈ ಕಾನಿನಲ್ಲಿ
ಹಣ್ಣಾದ ಉಪ್ಪಾಗೆಯನ್ನು ಯಾರೂ ಕಂಡಿಲ್ಲ.
ಹಸುರಿರುವಾಗಲೇ ಕೊಯ್ದೆವು.
ಬಿಟ್ಟರೆ ಮೈಲಪ್ಪ ಕೊಯ್ಯುತ್ತಾನೆಂದು ನಾನು,
ನಾನು ಕೊಯ್ಯುತ್ತೇನೆಂದು ಮೈಲಪ್ಪ,
ನಾವಿಬ್ಬರೂ ಕೊಯ್ಯುತ್ತೇವೆಂದು
ಆಚೆ ಊರಿನವರು, ರಾತ್ರಿ, ಟಾರ್ಚು ಹಿಡಿದು.
ಕೈಗೆಟುಕದ ಕೊಂಬೆಗೆ ಕತ್ತಿ.
ಸಿಪ್ಪೆ ಒಣಗಿಸಲು ಮನೆಮನೆಗೊಂದು ಒಲೆ,
ಒಲೆಗೊಂದು ಮರ.
ಸಾಹುಕಾರ ಎಳೆ ಸಿಪ್ಪೆ ಮೂಸಿ ಅರ್ಧ ದರ ಎಣಿಸಿದ.
ನಾನು ಬರೆದದ್ದು:
‘ಕಳೆದ ಸಾಲಿನ ಇಳುವರಿಯನ್ನು ಚರ್ಚಿಸಲಾಯಿತು.’

ಎಂದಿನಿಂದ ಕೊಯ್ಲು?
ಆರಿದ್ರೆ ಹಿಡಿದ ಮೇಲೆ ಅಂದ ಬೂದ್ಯಪ್ಪ.
ಪುನರ್ವಸು ಬರಲಿ ಅಂದಳು ಬಂಗಾರಿ.
ಜುಲೈ ಹತ್ತು ಅಂತ ಬರೆದುಬಿಡಿ ಮಾರಾಯ್ರೇ,
ಗಾರ್ಡು ಗಡಿಯಾರ ನೋಡಿಕೊಂಡರು.

ಶಾಲೆಯ ಮೆಟ್ಟಿಲ ಮೇಲೆ, ಕಂಬಳಿಕೊಪ್ಪೆಯೊಳಗೆ,
ಪಟ್ಟಿಯಲ್ಲಿ ಹೆಸರಿಲ್ಲದ ಹಸಲರ ದುಗ್ಗಿ:
‘ತಾರೀಕು ಮರಕ್ಕೆ ಗೊತ್ತಿಲ್ಲ.
ಮಂಗ ಚೀಪಿ ಉಗಿದ ಬೀಜ ಕಾಲಿಗೆ ಸಿಗ್ತದಲ್ಲ,
ಅವತ್ತು ಬುಟ್ಟಿ ತಗಳಿ.
ಬೀಜ ಮನೆಗೆ ತರಬೇಡಿ. ಅದು ನಿಮ್ಮದಲ್ಲ.’

ನಕ್ಕವರೂ ಇದ್ದರು.
ರೇಂಜ್ ಆಫೀಸಿಗೆ ಇದನ್ನು ಹೇಗೆ ಬರೆಯೋದು, ಗಾರ್ಡು ಕೇಳಿದರು.
ನಾನು ಬರೆದೆ:
‘ಮಂಗ ಉಗಿದ ಬೀಜ ಸಿಕ್ಕ ದಿನದಿಂದ. ದಿನಾಂಕ’
ಆಮೇಲೆ ಒಂದು ಗೆರೆ, ಖಾಲಿ.
ಮುಂಚೆ ಕೊಯ್ದವರಿಗೆ ಐನೂರು ದಂಡ.
ಮೇಲಿನ ಮೂವತ್ನಾಲ್ಕಕ್ಕೆ ಕಾಟು ಹೊಡೆದು
ಮೂವತ್ತೈದು ಮಾಡಿದೆ.

ಜೂನ್ ಮುಗಿಯುತ್ತಿತ್ತು.
ಕೊಟ್ಟಿಗೆಯಿಂದ ಬಂದೆ, ಅಡುಗೆಮನೆ ತುಂಬ ಹುಳಿ ಹೊಗೆ.
ಅತ್ತೆ ಒಲೆಯ ಮುಂದೆ, ಬೆನ್ನು ನನ್ನ ಕಡೆ.
ಅರ್ಧ ಚೀಲ. ಕೊಯ್ದದ್ದು ನಸುಕಿನಲ್ಲಿ.
‘ಸಂಘದ ಕಂತು ನಿನ್ನ ಪುಸ್ತಕ ಕಟ್ತದಾ?’

ಯಾರೂ ನೋಡಿರಲಿಲ್ಲ.
ಆದರೆ ಹುಳಿ ಹೊಗೆಯನ್ನು ಯಾವ ಹಂಚು ತಡೆದೀತು?
ದಾರಿಯಲ್ಲಿ ಮೈಲಪ್ಪ ನಿಂತ.
ನಮ್ಮ ಮಾಡು ನೋಡಿದ,
ಸೊಂಟದ ಕತ್ತಿಯ ಹಿಡಿ ಮುಟ್ಟಿಕೊಂಡ,
ಕವಳ ಉಗಿದು ಮುಂದೆ ಹೋದ. ಬೇಗ ಬೇಗ.

ಅವನ ಹಿಂದೆ ಓಡಿದೆ, ಪುಸ್ತಕ ಸೆರಗಿನೊಳಗೆ.
ಅವನ ಎದುರೇ, ಅವನದೇ ಗದ್ದೆಯಂಚಿನಲ್ಲಿ ಕೂತು
ಬರೆದೆ: ಕೆರಿಯಮ್ಮ, ದಂಡ, ಐನೂರು.
ಸಾಕ್ಷಿ: ಸೊಸೆ.
ಓದು ಅಂದ. ಓದಿದೆ.
ಕತ್ತಿ ಬಿಚ್ಚಿ ಬದುವಿನ ಹುಲ್ಲು ಕೊಯ್ಯತೊಡಗಿದ,
ಅಲ್ಲಿ ಅಂಥ ಹುಲ್ಲೇನೂ ಇರಲಿಲ್ಲ.

ಅತ್ತೆ ನನ್ನ ಕೈಯ ನೀರನ್ನೂ ಮುಟ್ಟಲಿಲ್ಲ.
ಹದಿನಾಲ್ಕು ದಿನ.
ದಂಡಕ್ಕೆ ಕೋಳಿ ಮಾರಿದರು, ಮೊಟ್ಟೆ ಇಡುವ ಕೋಳಿಯನ್ನೇ.

ಹದಿನೈದನೆಯ ದಿನ ಕಾನಿನಿಂದ ಬಂದರು,
ಕಾಲಲ್ಲಿ ಇಂಬಳದ ರಕ್ತ, ಮುಷ್ಟಿ ಬಿಗಿ.
ನನ್ನ ಮುಂದೆ ಬಿಚ್ಚಿದರು:
ಹಳದಿ ತಿರುಳಿನ ಎಳೆ ಅಂಟಿದ ಬೀಜ,
ಒಂದು ಬದಿಗೆ ಹಲ್ಲಿನ ಗೀರು.

‘ಬರ್ಕ’ ಅಂದರು,
ಮತ್ತೆ ಕೈ ಮುಚ್ಚಿ,
ಅದನ್ನು ತಂದಲ್ಲಿಗೇ ಹಾಕಲು ಹೊರಟರು.